‘ರಾಷ್ಟ್ರೀಯ ಹೂಗಳು’ ಪ್ರಾಜೆಕ್ಟ್: ಏಳನೇ ತರಗತಿ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,
ನಮಸ್ಕಾರ.

ಆಗಸ್ಟ್ 15ರ ಪ್ರದರ್ಶನಕ್ಕೆ ಏಳನೇ ತರಗತಿ ಮಕ್ಕಳಿಗೆ ‘ರಾಷ್ಟ್ರೀಯ ಹೂಗಳು’ ಎಂಬ ವಿಷಯ ಕೊಟ್ಟಿದ್ದೇವೆ. ಒಬ್ಬೊಬ್ಬರಿಗೆ ಒಂದೊಂದು ದೇಶ. ಇದಕ್ಕೆಂದು ತೀರ್ಥಹಳ್ಳಿ ಪೇಟೆಗೆ ಹೋಗಿ ಕಲರ್ ಪ್ರಿಂಟ್, ಥರ್ಮೋಕೋಲ್ ಅಂತ ದುಡ್ಡು ಸುರಿಯಬೇಡಿ. ಬೇಕಾದ್ದರಲ್ಲಿ ಎಷ್ಟೋ ನಿಮ್ಮ ಬೇಲಿ, ಗುಡ್ಡ, ಕೆರೆಯಲ್ಲೇ ಇದೆ.

ಗೌರಿ ಹೂವನ್ನೇ ತೆಗೆದುಕೊಳ್ಳಿ. ಅದು ಜಿಂಬಾಬ್ವೆಯ ರಾಷ್ಟ್ರೀಯ ಹೂ, ತಮಿಳುನಾಡಿನ ರಾಜ್ಯಪುಷ್ಪ. ಜಿಂಬಾಬ್ವೆ ಇನ್ನೂ ದಕ್ಷಿಣ ರೊಡೇಶಿಯಾ ಆಗಿದ್ದ 1947ರಲ್ಲಿ, ಬ್ರಿಟಿಷ್ ರಾಜಕುಮಾರಿ ಎಲಿಜಬೆತ್ ಅವರ 21ನೇ ಹುಟ್ಟುಹಬ್ಬಕ್ಕೆ ಅಲ್ಲಿನ ಶಾಲಾ ಮಕ್ಕಳು ಕಾಸು ಕೂಡಿಸಿ, ಇದೇ ಹೂವಿನ ಆಕಾರದ ವಜ್ರದ ಬ್ರೋಚ್ (ಬಟ್ಟೆಗೆ ಸಿಕ್ಕಿಸುವ ಒಡವೆ) ಕೊಟ್ಟಿದ್ದರು. ನಿಮ್ಮ ಮಗುವನ್ನು ಬಳ್ಳಿಯ ಎದುರು ನಿಲ್ಲಿಸಿ. ಎಲೆಯ ತುದಿಯೇ ಸುರುಳಿಯಾಗಿ ಬೇಲಿಯ ಕಡ್ಡಿ ಹಿಡಿದುಕೊಂಡಿರುತ್ತದೆ. ಹೂವಿನ ಮುಖ ನೆಲಕ್ಕೆ, ಆರು ಎಸಳೂ ಹಿಂದಕ್ಕೆ ಬಾಗಿ ಆಕಾಶಕ್ಕೆ. ಹಳದಿ ಇದ್ದದ್ದು ದಿನ ಕಳೆದಂತೆ ಕೆಂಪಾಗುತ್ತದೆ. ಕಂಡದ್ದನ್ನು ಕಂಡಂತೆ ಬಿಡಿಸಲಿ. ಆದರೆ ಕೀಳುವುದು ಬೇಡ. ಗಿಡವೆಲ್ಲ ವಿಷ, ಗೆಡ್ಡೆಯಂತೂ ಜೀವಕ್ಕೇ ಅಪಾಯ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಮೊದಲು ಇದನ್ನು ಹೇಳಿ.

ಆಸ್ಟ್ರೇಲಿಯಾ ಸಿಕ್ಕ ಮಕ್ಕಳಿಗೆ ಗುಡ್ಡದ ಅಕೇಶಿಯಾ ತೋರಿಸಿ. ಆ ದೇಶ 1988ರಲ್ಲಿ ರಾಷ್ಟ್ರೀಯ ಹೂವೆಂದು ಘೋಷಿಸಿದ್ದು ಅದರ ದಾಯಾದಿ ‘ಗೋಲ್ಡನ್ ವಾಟಲ್’ ಅನ್ನು. ಅವರ ಕ್ರಿಕೆಟ್ ತಂಡದ ಹಸಿರು-ಹಳದಿಯೂ ಅದರದೇ ಬಣ್ಣ. ಅಲ್ಲಿ ಅಷ್ಟು ಗೌರವದ ಕುಲ, ಇಲ್ಲಿ ಕಾಗದಕ್ಕೆಂದು ಬಂದು ನಮ್ಮ ಬೈಗುಳ ತಿನ್ನುತ್ತಿದೆ. ಯಾಕೆ ಬೈಯುತ್ತೇವೆ ಎನ್ನುವುದನ್ನೂ ಮಕ್ಕಳು ನಿಮ್ಮಿಂದಲೇ ಕೇಳಿ ಬರೆಯಲಿ. ಅದಕ್ಕೂ ಅಂಕ ಇದೆ.

ಇನ್ನು ತಾವರೆ. ದೇಶಕ್ಕೂ ಅದೇ, ಕರ್ನಾಟಕಕ್ಕೂ ಅದೇ. ಕೆಸರಿನಲ್ಲಿ ಹುಟ್ಟಿಯೂ ಕೆಸರು ಅಂಟದ ಹೂವೆಂದು ಎಲ್ಲ ಮಕ್ಕಳೂ ಬರೆಯುತ್ತಾರೆ, ಚಿತ್ರ ಮಾತ್ರ ನೈದಿಲೆಯದ್ದು! ತಾವರೆಯ ದುಂಡನೆ ಎಲೆ ನೀರು ಬಿಟ್ಟು ಮೇಲೆ ನಿಲ್ಲುತ್ತದೆ. ನೈದಿಲೆಯ ಎಲೆ ನೀರಿನ ಮೇಲೇ ತೇಲುತ್ತದೆ, ಒಂದು ಕಡೆ ಸೀಳಿರುತ್ತದೆ. ನೀಲಿ ನೈದಿಲೆ ಶ್ರೀಲಂಕಾದ್ದು, ಬಿಳಿಯದು ಬಾಂಗ್ಲಾದೇಶದ್ದು. ನೋಡಲು ಕೆರೆಗೆ ಮಕ್ಕಳನ್ನಷ್ಟೇ ಕಳಿಸಬೇಡಿ, ಮಳೆಗಾಲ. ದೊಡ್ಡವರು ಯಾರಾದರೂ ಜೊತೆಗಿರಲಿ.

ಒಂದು ಚಿತ್ರ, ಒಂದು ಪುಟ ಬರಹ ಸಾಕು. ಮನೆಯ ಅಜ್ಜಿ, ಅಜ್ಜ ಆ ಹೂವಿಗೆ ಬೇರೆ ಹೆಸರು ಹೇಳಿದರೆ ಅದೂ ಸೇರಲಿ. ಆಗಸ್ಟ್ 12ರೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಿ.

ವಂದನೆಗಳೊಂದಿಗೆ,
ಮುಖ್ಯ ಶಿಕ್ಷಕರು
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ತೀರ್ಥಹಳ್ಳಿ ತಾಲ್ಲೂಕು