ಈ ನವೆಂಬರ್‌ನ ಕಥೆ ತರಗತಿಯ ಬಗ್ಗೆ ಪೋಷಕರಿಗೆ

ಆತ್ಮೀಯ ಪೋಷಕರೇ, ನಮಸ್ಕಾರ.

ಥ್ಯಾಂಕ್ಸ್‌ಗಿವಿಂಗ್ ಹತ್ತಿರ ಬರುತ್ತಿದೆ. ನಮ್ಮ ಭಾನುವಾರದ ಕನ್ನಡ ಶಾಲೆಯಲ್ಲಿ ಮಕ್ಕಳಿಂದ ಆ ಹಬ್ಬದ ಕಿರುನಾಟಕ ಆಡಿಸಿ ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಶಿಕ್ಷಕಿಯರೆಲ್ಲ ಕೂತು ಮಾತಾಡಿ, ನಾಟಕ ಬೇಡವೆಂದು ತೀರ್ಮಾನಿಸಿದ್ದೇವೆ. ಬದಲಿಗೆ ಇಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನರ ಕಡೆ ನಿಂತು ಆ ಇತಿಹಾಸವನ್ನು ಹೇಳುತ್ತೇವೆ. ಮ್ಯಾಸಚೂಸೆಟ್ಸ್‌ನ ಆಗ್ನೇಯ ಭಾಗ ಅವರ ನೆಲ. ಇಂದಿಗೂ ಮ್ಯಾಶ್‌ಪೀಯಲ್ಲಿ, ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದ ಅಕ್ವಿನ್ನಾದಲ್ಲಿ ಅವರಿದ್ದಾರೆ. ಮಕ್ಕಳು ಮನೆಗೆ ಬಂದು ಪ್ರಶ್ನೆ ಕೇಳುವುದು ಖಂಡಿತ, ಹಾಗಾಗಿ ಮೊದಲೇ ನಿಮಗೆ ತಿಳಿಸುತ್ತಿದ್ದೇನೆ.

ಮಕ್ಕಳು ಕೇಳಿರುವ ಕಥೆ ಇಂಗ್ಲಿಷ್ ವಲಸಿಗರ ಮೇಫ್ಲವರ್ ಹಡಗು ಬಂದ 1620ರಿಂದ ಶುರುವಾಗುತ್ತದೆ. ನಾವು 1614ರಿಂದ ಶುರುಮಾಡುತ್ತೇವೆ. ಆ ವರ್ಷ ಥಾಮಸ್ ಹಂಟ್ ಎಂಬ ಇಂಗ್ಲಿಷ್ ಕಪ್ತಾನ ವಾಂಪನೋಗರ ಪಟುಕ್ಸೆಟ್ ಊರಿನ ಸುಮಾರು 20 ಜನರನ್ನು, ನೌಸೆಟ್‌ನ ಇನ್ನೂ ಕೆಲವರನ್ನು ಹಿಡಿದು ಸ್ಪೇನ್‌ನ ಮಲಗಾದಲ್ಲಿ ಗುಲಾಮರಾಗಿ ಮಾರಲು ಒಯ್ದ. ಶಾಲೆಯ ಪುಸ್ತಕದಲ್ಲಿ ಬರುವ ಸ್ಕ್ವಾಂಟೊ, ಅಂದರೆ ಟಿಸ್ಕ್ವಾಂಟಮ್, ಅವರಲ್ಲೊಬ್ಬ. ಇಂಗ್ಲೆಂಡ್ ಸುತ್ತಿ 1619ರಲ್ಲಿ ಅವನು ಮರಳಿದಾಗ ಊರಿನಲ್ಲಿ ಯಾರೂ ಉಳಿದಿರಲಿಲ್ಲ. ಯುರೋಪಿನವರ ಜೊತೆ ಬಂದ ರೋಗ 1616ರಿಂದ ಆ ಕರಾವಳಿಯನ್ನೇ ಬರಿದು ಮಾಡಿತ್ತು. ಮರುವರ್ಷ ವಲಸಿಗರು ಪ್ಲಿಮತ್ ಕಟ್ಟಿದ್ದು ಅದೇ ಊರಿನಲ್ಲಿ, ಅವನ ಜನ ಹಸನು ಮಾಡಿಟ್ಟಿದ್ದ ಹೊಲಗಳ ಮಗ್ಗುಲಲ್ಲಿ.

ಒಂದು ಪ್ರಸಂಗವನ್ನು ನಾನೇ ಹೇಳಬೇಕೆಂದಿದ್ದೇನೆ. 1620ರ ನವೆಂಬರ್, ಕೇಪ್ ಕಾಡ್. ಹಡಗಿನಿಂದ ಇಳಿದವರು ಮರಳಿನ ದಿಬ್ಬವೊಂದನ್ನು ಅಗೆದಾಗ ದೊಡ್ಡದೊಂದು ಹೊಸ ಬುಟ್ಟಿ ಸಿಕ್ಕಿತು. ಅದರ ತುಂಬ ಆ ವರ್ಷದ ಮುಸುಕಿನ ಜೋಳ. ಅದರಲ್ಲಿ 36 ತೆನೆಗಳು, ಕೆಲವು ಹಳದಿ, ಕೆಲವು ಕೆಂಪು, ಇನ್ನು ಕೆಲವಕ್ಕೆ ನೀಲಿ ಬೆರೆತ ಬಣ್ಣ. ಅಗೆದವರೇ ಬರೆದಿಟ್ಟ ವಿವರ ಇದು. ಉತ್ತರ ಕರ್ನಾಟಕದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಅದು ಹಗೇವು, ಅಂದರೆ ನೆಲದಡಿ ಕಾಳು ಕೂಡಿಡುವ ಗುಂಡಿ. ಒಂದು ಮನೆತನದ ಚಳಿಗಾಲದ ಊಟವೂ ಬರುವ ವರ್ಷದ ಬಿತ್ತನೆಯೂ ಅದರಲ್ಲೇ. ಮುಂದೆ ಅದಕ್ಕೆ ಪರಿಹಾರ ಕೊಟ್ಟರು ನಿಜ, ಆದರೆ ಒಯ್ಯುವಾಗ ಯಾರನ್ನೂ ಕೇಳಿರಲಿಲ್ಲ.

ಥ್ಯಾಂಕ್ಸ್‌ಗಿವಿಂಗ್‌ನ ಮೂಲವೆಂದು ಹೇಳುವ 1621ರ ಔತಣವನ್ನೂ ಬಿಡುವುದಿಲ್ಲ. ವಾಂಪನೋಗರ ನಾಯಕ ಊಸಮೆಕ್ವಿನ್ ಸುಮಾರು 90 ಜನರೊಂದಿಗೆ ಬಂದು, ಐದು ಜಿಂಕೆ ಬೇಟೆಯಾಡಿ ತಂದು, ಮೂರು ದಿನ ಜೊತೆಗೆ ಉಂಡದ್ದು ನಿಜ. ಆದರೆ ರೋಗದಿಂದ ಅವನ ಜನ ಕುಗ್ಗಿದ್ದರು, ಪಶ್ಚಿಮದ ಎದುರಾಳಿ ಜನಾಂಗ ನರಗಾನ್ಸೆಟ್ಟರು ಬಲವಾಗಿಯೇ ಉಳಿದಿದ್ದರು. ಆ ವರ್ಷದ ಮಾರ್ಚ್‌ನಲ್ಲಿ ಅವನು ವಲಸಿಗರೊಂದಿಗೆ ಒಪ್ಪಂದ ಮಾಡಿಕೊಂಡದ್ದು ಹಿಂದೆಮುಂದೆ ಎಲ್ಲ ಯೋಚಿಸಿ. ಇಷ್ಟು ಬುದ್ಧಿವಂತ ನಾಯಕನನ್ನು ಊಟ ಹೊತ್ತು ತಂದ ಮುಗ್ಧನಂತೆ ತೋರಿಸುವುದು ನನಗೆ ಅನ್ಯಾಯವೆನಿಸುತ್ತದೆ.

ಚಿಕ್ಕ ಮಕ್ಕಳಿಗೆ ಕಥೆ ಇಲ್ಲಿಗೇ ನಿಲ್ಲುತ್ತದೆ. ಆರನೇ ತರಗತಿ ಮೇಲಿನವರಿಗೆ ಮುಂದಿನದನ್ನೂ ಹೇಳುತ್ತೇವೆ. ವಲಸಿಗರ ದನ, ಹಂದಿಗಳು ಬೇಲಿಯಿಲ್ಲದ ಹೊಲಗಳಿಗೆ ನುಗ್ಗಿದವು, ಪತ್ರಗಳ ಮೇಲೆ ಭೂಮಿ ಕೈಬದಲಾಯಿತು, 1675ರಲ್ಲಿ ಊಸಮೆಕ್ವಿನ್‌ನ ಮಗ ಮೆಟಕಾಮ್ ಯುದ್ಧಕ್ಕಿಳಿದ. 1676ರ ಆಗಸ್ಟ್‌ನಲ್ಲಿ ಅವನನ್ನು ಕೊಂದು, ತಲೆಯನ್ನು ಪ್ಲಿಮತ್‌ನಲ್ಲಿ ಕಂಬಕ್ಕೇರಿಸಿ ವರ್ಷಗಟ್ಟಲೆ ಇಟ್ಟರು. ಅವನ ಎಳೆಯ ಮಗನನ್ನು ಗುಲಾಮಗಿರಿಗೆ ಮಾರಿದರು. ನಿಮ್ಮ ಮಗುವಿಗೆ ಈ ಭಾಗ ಬೇಡವೆನಿಸಿದರೆ ನನಗೆ ತಿಳಿಸಿ.

ಭಾನುವಾರ ಬೆಳಿಗ್ಗೆ ಮಕ್ಕಳನ್ನು ಎಬ್ಬಿಸಿ ಕನ್ನಡ ಕಲಿಯಲು ಕರೆತರುವವರು ನೀವು. ವಾಂಪನೋಗ್ ಭಾಷೆಯ ಸಂಗತಿ ನಿಮ್ಮ ಮನಸ್ಸಿಗೆ ತಟ್ಟದೆ ಇರದು. ಆಡುವವರಿಲ್ಲದೆ ನೂರು ವರ್ಷಕ್ಕೂ ಹೆಚ್ಚು ಕಾಲ ಮೌನವಾಗಿದ್ದ ಆ ನುಡಿಯನ್ನು ಮ್ಯಾಶ್‌ಪೀಯ ಜೆಸ್ಸಿ ಲಿಟಲ್ ಡೋ ಬೇರ್ಡ್ 1993ರಿಂದ ಮತ್ತೆ ಕಟ್ಟತೊಡಗಿದರು. 1663ರಲ್ಲಿ ಆ ಭಾಷೆಯಲ್ಲಿ ಅಚ್ಚಾದ ಬೈಬಲ್, ಅವರ ಪೂರ್ವಜರೇ ಬರೆದಿದ್ದ ಜಮೀನಿನ ಪತ್ರಗಳು ನೆರವಿಗೆ ಬಂದವು. ಅವರ ಮಗಳು ಆ ನುಡಿಯನ್ನು ಹುಟ್ಟಿನಿಂದಲೇ ಕೇಳಿ ಬೆಳೆದಳು.

ಇನ್ನು ನಿಮ್ಮಲ್ಲಿ ಎರಡು ವಿನಂತಿ. ಗರಿಯ ಕಿರೀಟ ಮಾಡಿಸಿ ಕಳಿಸಬೇಡಿ. ಅದು ಅಮೆರಿಕದ ನಡುಭಾಗದ ಬಯಲು ಪ್ರದೇಶದ ಬೇರೆ ಜನಾಂಗಗಳದ್ದು, ಅಲ್ಲೂ ಗೌರವದ ಗುರುತು, ವೇಷವಲ್ಲ. ತಿಂಗಳ ಮೂರನೇ ಶನಿವಾರ ಪ್ಲಿಮತ್‌ನ ಕೋಲ್ಸ್ ಹಿಲ್‌ಗೆ ಹೋಗುತ್ತಿದ್ದೇವೆ. 1970ರಿಂದ ಪ್ರತಿ ಥ್ಯಾಂಕ್ಸ್‌ಗಿವಿಂಗ್ ದಿನ ಮೂಲನಿವಾಸಿಗಳು ಶೋಕದಿನ ಆಚರಿಸುವ ಜಾಗ ಅದು. ಬರುವವರು ಮುಂದಿನ ಭಾನುವಾರದೊಳಗೆ ತರಗತಿ ಶಿಕ್ಷಕಿಯ ಬಳಿ ಹೆಸರು ಬರೆಸಿ. ಸಮುದ್ರದ ಗಾಳಿ ಜೋರಿರುತ್ತದೆ, ಮಕ್ಕಳಿಗೆ ಟೋಪಿ, ಕೈಗವಸು ಹಾಕಿ ಕಳಿಸಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ