ಕೇಬಲ್ ಹೊಸದು, ಚಾರ್ಜ್ ಮಾಡುವ ರೀತಿ ಹಳೆಯದು

ಮಾನ್ಯ ಸಂಪಾದಕರೇ,

ಬೆಂಗಳೂರಿನಲ್ಲಿ ಕಂಬದ ಮೇಲಿನ 11 ಕೆ.ವಿ. ತಂತಿ ತೆಗೆದು ನೆಲದಡಿ ಕೇಬಲ್ ಹಾಕುತ್ತಿದ್ದಾರೆ. ಒಳ್ಳೆಯದೇ. ಮಳೆಗಾಲದಲ್ಲಿ ಕೊಂಬೆ ಬಿದ್ದು ಕರೆಂಟ್ ಹೋಗುವ ಕಾಟವಾದರೂ ತಪ್ಪುತ್ತದೆ. ಆದರೆ ಟ್ರಾನ್ಸ್‌ಫಾರ್ಮರ್ ಚಾರ್ಜ್ ಮಾಡುವ, ಅಂದರೆ ಅದಕ್ಕೆ ಕರೆಂಟ್ ಹಾಯಿಸುವ ರೀತಿ ಎಷ್ಟೋ ಕಡೆ ಕಂಬದ ಕಾಲದ್ದೇ ಉಳಿದಿದೆ.

ಈಚೆಗೆ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನ ಹೊಸ ಟ್ರಾನ್ಸ್‌ಫಾರ್ಮರ್‌ಗೆ ಕರೆಂಟ್ ಕೊಡುತ್ತಿದ್ದರು. ರಸ್ತೆಯಂಚಿನ ಕಂಬದಲ್ಲಿ ಡಿ.ಒ. (ಡ್ರಾಪ್ ಔಟ್) ಫ್ಯೂಸ್, ಅಂದರೆ ಫೇಸಿಗೊಂದರಂತೆ ಬಿಡಿಬಿಡಿಯಾಗಿ ಹಾಕುವ ಫ್ಯೂಸ್, ಅಲ್ಲಿಂದ ಕಾಂಪೌಂಡಿನೊಳಗೆ ಕೇಬಲ್. ಲೈನ್‌ಮನ್ ಉದ್ದನೆಯ ಕೋಲಿನಿಂದ ಒಂದು ಫೇಸ್ ಹಾಕಿದರು. ಗುಂಯ್ ಎನ್ನಬೇಕಾದ ಟ್ರಾನ್ಸ್‌ಫಾರ್ಮರ್ ಗರಗರ ಎಂದು ಒದರತೊಡಗಿತು. ಎರಡನೆಯದು ಹಾಕಿದಾಗ ಇನ್ನೂ ಜಾಸ್ತಿ. ಮೂರನೆಯದಕ್ಕೆ ಕೋಲು ಎತ್ತುವಷ್ಟರಲ್ಲಿ ಸಿಡಿಲಿನಂಥ ಅತಿ ವೋಲ್ಟೇಜನ್ನು ನೆಲಕ್ಕೆ ಹರಿಸುವ ಲೈಟ್ನಿಂಗ್ ಅರೆಸ್ಟರ್ ಢಂ ಎಂದಿತು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ! 'ಅರೆಸ್ಟರ್ ಡೂಪ್ಲಿಕೇಟ್ ಇರ್ಬೇಕು' ಅಂದರು ಗುತ್ತಿಗೆದಾರರು.

ಪಾಪ, ಅರೆಸ್ಟರನ್ನು ಸುಮ್ನೆ ಬೈದು ಫಲವಿಲ್ಲ. ಇದು ಫೆರೋರೆಸೊನೆನ್ಸ್‌ನ ಲಕ್ಷಣ. 1920ರಲ್ಲೇ ಫ್ರಾನ್ಸಿನ ಪಾಲ್ ಬೂಷೆರೊ ಇಟ್ಟ ಹೆಸರಿದು. ಕೇಬಲ್ ಅಂದರೆ ಉದ್ದನೆಯ ಕೆಪ್ಯಾಸಿಟರ್, ವಿದ್ಯುತ್ ಚಾರ್ಜ್ ಹಿಡಿದಿಡುವ ಸಾಧನ. ಅಷ್ಟೇ ಉದ್ದದ ಕಂಬದ ತಂತಿಗಿಂತ ಅದರ ಕೆಪ್ಯಾಸಿಟೆನ್ಸ್ (ಹಾಗೆ ಹಿಡಿದಿಡುವ ಶಕ್ತಿ) ಹತ್ತಾರು ಪಟ್ಟು ಜಾಸ್ತಿ. ಒಂದೇ ಫೇಸ್ ಹಾಕಿದಾಗ ಕರೆಂಟ್ ಟ್ರಾನ್ಸ್‌ಫಾರ್ಮರಿನ ಡೆಲ್ಟಾ ವೈಂಡಿಂಗ್ (ಮೂರು ಫೇಸ್‌ಗಳ ನಡುವೆ ತ್ರಿಕೋನದಂತೆ ಜೋಡಿಸಿದ ತಂತಿ ಸುರುಳಿಗಳು) ದಾಟಿ, ಇನ್ನೂ ಹಾಕದ ಫೇಸ್‌ಗಳ ಕೇಬಲ್‌ಗೆ ಹರಿಯುತ್ತದೆ. ಹೀಗೆ ಕಬ್ಬಿಣದ ಕೋರ್ ಮೇಲಿನ ವೈಂಡಿಂಗ್, ಕೇಬಲ್ಲಿನ ಕೆಪ್ಯಾಸಿಟೆನ್ಸ್ ಸಾಲಾಗಿ ಸೇರುತ್ತವೆ. ಕೋರ್ ಸ್ಯಾಚುರೇಟ್ ಆಗಿ (ಇನ್ನಷ್ಟು ಕಾಂತತ್ವ ಹಿಡಿಯಲಾರದೆ) ಎರಡಕ್ಕೂ ತಾಳ ಕೂಡಿಬಿಟ್ಟರೆ, ಸ್ವಿಚ್ಚೇ ಹಾಕದ ಫೇಸ್‌ನಲ್ಲಿ ವೋಲ್ಟೇಜ್ ಎರಡು ಮೂರು ಪಟ್ಟು ಏರಬಹುದು. ಟ್ರಾನ್ಸ್‌ಫಾರ್ಮರ್ ಮೇಲೆ ಲೋಡ್ ಇಲ್ಲದಿದ್ದರೆ ಅದನ್ನು ತಗ್ಗಿಸುವವರೇ ಇಲ್ಲ. ಕೋರ್ ಲಾಸ್ (ಕೋರ್ ಬಿಸಿಯಾಗಿ ಪೋಲಾಗುವ ವಿದ್ಯುತ್) ಕಡಿಮೆ ಇರುವ ಹೊಸ ಸ್ಟಾರ್ ರೇಟಿಂಗ್ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ವಿಚಿತ್ರ ಅಲ್ವಾ?

ಪರಿಹಾರಕ್ಕೆ ಭಾರೀ ವಿದ್ಯೆ ಬೇಕಿಲ್ಲ. ಮೂರೂ ಫೇಸ್ ಒಟ್ಟಿಗೆ ಹಾಕುವ ಸ್ವಿಚ್ ಬೇಕು. ಅದು ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲೇ ಇದ್ದರೆ ಇನ್ನೂ ಒಳ್ಳೆಯದು. ಆಗ ಮೊದಲು ಕೇಬಲ್ ಮಾತ್ರ ಚಾರ್ಜ್ ಮಾಡಿ, ಆಮೇಲೆ ಟ್ರಾನ್ಸ್‌ಫಾರ್ಮರ್ ಸೇರಿಸಬಹುದು. ಡಿ.ಒ. ಫ್ಯೂಸೇ ಗತಿ ಎಂದಾದರೆ, ಎಲ್.ಟಿ. (ಮನೆಗಳಿಗೆ ಹೋಗುವ ಕಡಿಮೆ ವೋಲ್ಟೇಜಿನ) ಬದಿಯಲ್ಲಿ ಹೀಟರ್‌ನಂಥ ಸ್ವಲ್ಪ ಲೋಡ್ ಇಟ್ಟುಕೊಂಡು ಹಾಕಲಿ.

ಆದರೆ ಫ್ಯೂಸ್ ಇದ್ದಲ್ಲಿ ಚಾರ್ಜ್ ಮಾಡುವಾಗ ಮಾತ್ರ ಎಚ್ಚರ ವಹಿಸಿದರೆ ಸಾಲದು. ನಡುರಾತ್ರಿ, ಲೋಡ್ ಇಲ್ಲದ ಹೊತ್ತಿನಲ್ಲಿ ಒಂದೇ ಫ್ಯೂಸ್ ಹಾರಿದರೂ ಇದೇ ಕಥೆ. ಹಾಗಾಗಿ ಕೇಬಲ್ ಮೂಲಕ 11 ಕೆ.ವಿ. ಸಂಪರ್ಕ ಮಂಜೂರು ಮಾಡುವಾಗ, ಮೂರೂ ಫೇಸ್ ಒಟ್ಟಿಗೆ ತೆಗೆದು ಹಾಕುವ ಸ್ವಿಚ್‌ಗಿಯರ್ ಇರಲೇಬೇಕು ಎಂದು ವಿದ್ಯುತ್ ಕಂಪನಿಗಳು ಷರತ್ತು ಹಾಕಲಿ. ಕೋಲು ಹಿಡಿಯುವ ಲೈನ್‌ಮನ್‌ಗೂ ಆ ಗರಗರ ಸದ್ದಿನ ಅರ್ಥ ಹೇಳಿಕೊಡಲಿ.

– ನಿವೃತ್ತ ವಿದ್ಯುತ್ ಎಂಜಿನಿಯರ್, ಬೆಂಗಳೂರು