ಅಪ್ಪಾ, ನಿನ್ನೆ ಬೆನ್ ಹರ್ ನೋಡಿದೆ

ರೋಮ್, ಭಾನುವಾರ ರಾತ್ರಿ

ತೀರ್ಥರೂಪ ಅಪ್ಪನಿಗೆ ಪುಟ್ಟಿಯ ನಮಸ್ಕಾರಗಳು.

ನಾನು ಇಲ್ಲಿ ಚೆನ್ನಾಗಿದ್ದೇನೆ. ಅಮ್ಮ ಕಳಿಸಿದ ಚಟ್ನಿಪುಡಿ ಇನ್ನೂ ಅರ್ಧ ಡಬ್ಬ ಇದೆ ಅಂತ ಅವಳಿಗೆ ಹೇಳಿ. ಫೋನಿನಲ್ಲಿ ಐದು ನಿಮಿಷಕ್ಕೆ ಮುಗಿಯುವ ಮಾತಲ್ಲ ಇದು, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಿನ್ನೆ ಇಲ್ಲಿನ ಒಂದು ಹಳೇ ಥಿಯೇಟರಿನಲ್ಲಿ ‘ಬೆನ್ ಹರ್’ ಹಾಕಿದ್ದರು. ನಿಮ್ಮ ಬೆನ್ ಹರ್, ಅಪ್ಪ! ಕಾಲೇಜಿಗೆ ಸೇರಿದ ವರ್ಷ ದೊಡ್ಡಪ್ಪನ ಜೊತೆ ತಿಪಟೂರಿನಿಂದ ರೈಲು ಹತ್ತಿ ಬೆಂಗಳೂರಿಗೆ ಹೋಗಿ ನೋಡಿದ ಸಿನಿಮಾ. ಕರೆಂಟು ಹೋದ ರಾತ್ರಿಗಳಲ್ಲಿ ಜಗಲಿಯ ಮೇಲೆ ಕೂತು ನೀವು ಆ ರಥದ ರೇಸು ಹೇಳುತ್ತಿದ್ದಿರಿ. ಎರಡೂ ಕೈಯಲ್ಲಿ ಲಗಾಮು ಹಿಡಿದಂತೆ ಮಾಡುತ್ತಿದ್ದಿರಿ. ನಾನು ಟಿವಿಯಲ್ಲಿ ತುಂಡು ತುಂಡಾಗಿ ನೋಡಿದ್ದೆ ಅಷ್ಟೇ. ಪೂರ್ತಿ, ದೊಡ್ಡ ಪರದೆಯ ಮೇಲೆ, ಮೂರೂವರೆ ಗಂಟೆ ಕೂತು ನೋಡಿದ್ದು ಇದೇ ಮೊದಲು.

ನೀವು ಹೇಳಿದ್ದರಲ್ಲಿ ಒಂದಿಷ್ಟೂ ಜಾಸ್ತಿ ಇರಲಿಲ್ಲ. ಯೆಹೂದಿ ಶ್ರೀಮಂತರ ಮನೆಯ ಹುಡುಗ ಜೂಡಾ ಬೆನ್ ಹರ್. ಅವನ ಬಾಲ್ಯದ ಗೆಳೆಯ, ರೋಮನ್ನರವನು ಮೆಸ್ಸಾಲಾ. ಆ ಗೆಳೆಯನೇ ಇವನನ್ನು ಗುಲಾಮಗಿರಿಗೆ ತಳ್ಳುತ್ತಾನೆ. ಇಬ್ಬರೂ ಕೊನೆಗೆ ಎದುರಾಗುವುದು ರೇಸಿನಲ್ಲಿ, ಒಂದೊಂದು ರಥಕ್ಕೆ ನಾಲ್ಕು ನಾಲ್ಕು ಕುದುರೆ ಕಟ್ಟಿಕೊಂಡು. ನಿಮಗೆ ನೆನಪಿದೆಯಾ, ರೇಸು ನಡೆಯುವಷ್ಟು ಹೊತ್ತೂ ಸಂಗೀತವೇ ಇಲ್ಲ. ಬರೀ ಗೊರಸು, ಚಕ್ರ, ಚಾಟಿ, ಜನರ ಕೂಗು. ಎದೆ ಹೊಡೆದುಕೊಳ್ಳುವುದು ಅದಕ್ಕೇ ಅನ್ನಿಸಿತು.

ಅದನ್ನು ತೆಗೆದದ್ದು ಇದೇ ಊರಿನಲ್ಲಿ, ಗೊತ್ತಾ? 1958ರಲ್ಲಿ, ಚಿನೆಚಿತ್ತಾ ಅನ್ನುವ ಸ್ಟುಡಿಯೋದಲ್ಲಿ. ಇಲ್ಲಿಂದ ಮೆಟ್ರೋದಲ್ಲಿ ಹೋಗಬಹುದು, ನಿಲ್ದಾಣದ ಹೆಸರೂ ಅದೇ. ಆ ರೇಸಿನ ಅಖಾಡ ಒಂದಕ್ಕೇ 18 ಎಕರೆ ಜಾಗ. ನಮ್ಮ ತೆಂಗಿನ ತೋಟ ಎಲ್ಲಾ ಸೇರಿ ನಾಲ್ಕು ಎಕರೆ, ಅಲ್ವಾ? 70ಕ್ಕೂ ಹೆಚ್ಚು ಕುದುರೆ ತಂದು ತಿಂಗಳುಗಟ್ಟಲೆ ಪಳಗಿಸಿದರು. ನಿರ್ದೇಶಕ ವಿಲಿಯಂ ವೈಲರ್. ಆದರೆ ರೇಸನ್ನು ತೆಗೆದದ್ದು ಆಂಡ್ರ್ಯೂ ಮಾರ್ಟನ್ ಮತ್ತು ಯಾಕಿಮಾ ಕನಟ್ ಅನ್ನುವ ಇಬ್ಬರು. ಚಿತ್ರಕ್ಕೆ 11 ಆಸ್ಕರ್ ಬಂತು.

ಒಂದು ವಿಷಯ ಮಾತ್ರ ನಿಮಗೆ ಹೇಳಲೇಬೇಕು. ರೇಸಿನಲ್ಲಿ ಒಬ್ಬ ನಿಜವಾಗಿ ಸತ್ತುಹೋದ ಅಂತ ನೀವು ಯಾವಾಗಲೂ ಹೇಳುತ್ತಿದ್ದಿರಿ. ಇಲ್ಲ ಅಪ್ಪ, ಯಾರೂ ಸಾಯಲಿಲ್ಲ. ಮುರಿದು ಬಿದ್ದ ರಥಗಳ ಮೇಲೆ ಹಾರುವಾಗ ಬೆನ್ ಹರ್ ಮುಂದಕ್ಕೆ ಎಗರಿ ಬೀಳುತ್ತಾನಲ್ಲ, ಅದು ನಾಯಕ ಚಾರ್ಲ್‌ಟನ್ ಹೆಸ್ಟನ್ ಅಲ್ಲ. ಯಾಕಿಮಾ ಕನಟ್ ಅವರ ಮಗ ಜೋ. ಅಷ್ಟು ಎತ್ತರಕ್ಕೆ ಹಾರಬೇಕು ಅಂತ ಇರಲೇ ಇಲ್ಲ. ರಥ ಎತ್ತಿ ಹಾಕಿದ ಹೊಡೆತಕ್ಕೆ ಹುಡುಗ ಮುಂದಕ್ಕೆ ಹೋದ. ಗದ್ದಕ್ಕೆ ಹೊಲಿಗೆ ಬಿತ್ತು ಅಷ್ಟೇ. ಆ ಶಾಟನ್ನು ಬಿಸಾಡದೆ ಇಟ್ಟುಕೊಂಡು, ಹೆಸ್ಟನ್ ಮತ್ತೆ ರಥಕ್ಕೆ ಹತ್ತುವುದನ್ನು ಆಮೇಲೆ ತೆಗೆದು ಸೇರಿಸಿದರು. ಅವತ್ತು ಅಪ್ಪನ ಕಣ್ಣ ಮುಂದೆ ಮಗ ಹಾಗೆ ಎಗರಿ ಬಿದ್ದ. ನನಗೆ ಅದೇ ತಲೆಯಲ್ಲಿ ಉಳಿದುಬಿಟ್ಟಿದೆ.

ಆದರೆ ಈ ಪತ್ರ ಬರೆದದ್ದು ರೇಸಿಗಾಗಿ ಅಲ್ಲ. ನೀವು ಯಾವತ್ತೂ ಹೇಳದ ಒಂದು ದೃಶ್ಯಕ್ಕಾಗಿ.

ಹಡಗಿನಲ್ಲಿ ಹುಟ್ಟು ಹಾಕಲು ಕಳಿಸುವ ಮುಂಚೆ ಗುಲಾಮರನ್ನು ಮರಳುಗಾಡಿನಲ್ಲಿ ಸರಪಣಿ ಹಾಕಿ ನಡೆಸಿಕೊಂಡು ಹೋಗುತ್ತಾರೆ. ನಜರೇತ್ ಅನ್ನುವ ಹಳ್ಳಿಯಲ್ಲಿ ನೀರಿಗೆ ನಿಲ್ಲುತ್ತಾರೆ. ಎಲ್ಲರಿಗೂ ನೀರು. ‘ಇವನಿಗೆ ಬೇಡ’ ಅನ್ನುತ್ತಾನೆ ರೋಮನ್ ಅಧಿಕಾರಿ. ಜೂಡಾ ನೆಲಕ್ಕೆ ಬೀಳುತ್ತಾನೆ. ಆಗ ಎರಡು ಕೈ ಬಂದು ಅವನ ತಲೆ ಎತ್ತಿ ನೀರು ಕುಡಿಸುತ್ತವೆ. ಯಾರು ಅಂತ ತೋರಿಸುವುದಿಲ್ಲ. ಆ ಊರಿನ ಬಡಗಿ ಅಂತ ನಮಗೆ ಗೊತ್ತು. ಏಸುವಿನ ಮುಖ ಇಡೀ ಚಿತ್ರದಲ್ಲಿ ಎಲ್ಲೂ ಕಾಣುವುದಿಲ್ಲ. ಅಧಿಕಾರಿ ಬೈಯುತ್ತಾ ಬರುತ್ತಾನೆ. ನಮಗೆ ಬೆನ್ನು ಮಾಡಿರುವ ಆ ಬಡಗಿ ಎದ್ದು ನಿಲ್ಲುತ್ತಾನೆ, ಸುಮ್ನೆ ನೋಡುತ್ತಾನೆ. ಅಧಿಕಾರಿಯ ಮಾತು ಅಲ್ಲೇ ನಿಂತುಹೋಗುತ್ತದೆ. ತಿರುಗುತ್ತಾನೆ, ಮತ್ತೆ ಇತ್ತ ನೋಡುತ್ತಾನೆ, ಏನು ಮಾಡಬೇಕು ಅಂತ ತೋಚುವುದಿಲ್ಲ. ನಮಗೆ ಕಾಣುವುದು ಅವನ ಮುಖ ಮಾತ್ರ. ಆ ಕಡೆ ಎಂಥ ಮುಖ ಇರಬಹುದು ಅನ್ನುವುದನ್ನು ಅದರಲ್ಲೇ ಓದಿಕೊಳ್ಳಬೇಕು.

ನನಗೆ ಅಜ್ಜಿ ಕಣ್ಣ ಮುಂದೆ ಬಂದಳು. ಬೇಸಿಗೆ ಬಂತು ಅಂದ್ರೆ ಗೇಟಿನ ಪಕ್ಕ ಹೊಂಗೆ ಮರದ ಕೆಳಗೆ ಅವಳ ಅರವಟ್ಟಿಗೆ. ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಹರವಿ, ಮೇಲೊಂದು ಹಿತ್ತಾಳೆ ಲೋಟ. ನೀರು ಕುಡಿದವರ ಹೆಸರು ಅವಳು ಕೇಳಿದ್ದು ನನಗೆ ನೆನಪಿಲ್ಲ. ಥಿಯೇಟರಿನ ಕತ್ತಲಲ್ಲಿ ಅತ್ತುಬಿಟ್ಟೆ ಅಪ್ಪ. ಕೊನೆಯಲ್ಲಿ ಅದೇ ಬಡಗಿ ಶಿಲುಬೆ ಹೊತ್ತು ಬೀದಿಯಲ್ಲಿ ಬಿದ್ದಾಗ ಜೂಡಾ ಗುರುತು ಹಿಡಿದು ನೀರು ತೆಗೆದುಕೊಂಡು ಓಡುತ್ತಾನಲ್ಲ, ಆಗ ಇನ್ನೂ ಜಾಸ್ತಿ.

ಇವತ್ತು ಬೆಳಿಗ್ಗೆ ಚಿರ್ಕೋ ಮಾಸ್ಸಿಮೋಗೆ ಹೋಗಿದ್ದೆ. ನಿಜವಾದ ರಥದ ರೇಸು ನಡೆಯುತ್ತಿದ್ದ ಜಾಗ. ಈಗ ಅಲ್ಲಿ ಹುಲ್ಲು, ಒಂದು ಉದ್ದನೆಯ ತಗ್ಗು. 600 ಮೀಟರ್ ಉದ್ದ ಇದೆ. ಹಿಂದೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಕೂತು ನೋಡುತ್ತಿದ್ದರಂತೆ, ಏಳು ಸುತ್ತು ಓಟ. ಸುತ್ತು ಎಣಿಸಲು ಸಿನಿಮಾದಲ್ಲಿ ಡಾಲ್ಫಿನ್ ಗೊಂಬೆಗಳನ್ನು ಬಾಗಿಸುತ್ತಾರಲ್ಲ, ಅಂಥವು ಇಲ್ಲಿಯೂ ನಿಜವಾಗಿ ಇದ್ದವು. ಹಡಗಿನ ದೃಶ್ಯ ಮಾತ್ರ ಪೂರಾ ನಂಬಬೇಡಿ. ರೋಮನ್ನರ ಯುದ್ಧನೌಕೆಗಳಲ್ಲಿ ಹುಟ್ಟು ಹಾಕುತ್ತಿದ್ದವರು ಹೆಚ್ಚಾಗಿ ಗುಲಾಮರಲ್ಲ, ಸಂಬಳದ ಜನ.

ಈ ಊರಿನಲ್ಲಿ ಬೀದಿ ಬೀದಿಗೂ ಎರಕದ ಕಬ್ಬಿಣದ ನಲ್ಲಿ ಕಂಬಗಳಿವೆ. 1870ರ ದಶಕದಿಂದ ಹಾಕಿಸುತ್ತಾ ಬಂದಿದ್ದಾರೆ. ನಾಸೋನೆ ಅನ್ನುತ್ತಾರೆ, ಅಂದರೆ ದೊಡ್ಡ ಮೂಗು. ಬಾಗಿದ ಕೊಳವೆಯ ಬಾಯಿಗೆ ಬೆರಳು ಒತ್ತಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ, ಬಗ್ಗದೆ ಕುಡಿಯಬಹುದು. ತಣ್ಣಗೆ, ನಮ್ಮ ಬಾವಿ ನೀರಿನ ಹಾಗೆ. ಹೊಟ್ಟೆ ತುಂಬ ಕುಡಿದು ಮನೆಗೆ ಬಂದೆ.

ತಮ್ಮನಿಗೆ ಹೇಳಿದ್ದೇನೆ, ಟಿವಿಯಲ್ಲಿ ಹಾಕಿಕೊಡುತ್ತಾನೆ. ಮಂಡಿ ನೋವು ಅಂತ ನಡುವೆ ಎದ್ದು ಹೋಗಬೇಡಿ, ಕಾಲು ಚಾಚಿ ಕೂತುಕೊಳ್ಳಿ. ಅಮ್ಮನನ್ನೂ ಕೂರಿಸಿಕೊಳ್ಳಿ. ನಾನು ಹೇಳಿದ ದೃಶ್ಯ ಹಡಗಿಗೆ ಸ್ವಲ್ಪ ಮುಂಚೆ ಬರುತ್ತದೆ. ನೋಡಿ ಆದಮೇಲೆ ಫೋನ್ ಮಾಡಿ, ಇಲ್ಲಿ ಎಷ್ಟು ಹೊತ್ತಾಗಿದ್ದರೂ ಎತ್ತುತ್ತೇನೆ.

ಅಜ್ಜಿಯ ಹಿತ್ತಾಳೆ ಲೋಟ ಅಟ್ಟದ ಮೇಲೇ ಇದೆಯಾ? ಇದ್ದರೆ ತೊಳೆದು ಇಟ್ಟಿರಿ. ಏಪ್ರಿಲ್‌ನಲ್ಲಿ ಬರುತ್ತಿದ್ದೇನೆ.

ನಿಮ್ಮ ಪ್ರೀತಿಯ,
ಪುಟ್ಟಿ